ಇದ್ದಾನು

ಮಂಗಳವಾರ ಸಂಜೆ ಆರೂವರೆ, ಫ್ಲೀಟ್‌ವುಡ್.
ಮೆಥಡಿಸ್ಟ್ ಚರ್ಚಿನ ಹಿಂಬದಿ ಕೋಣೆಯಲ್ಲಿ
ಹೀಟರಿನ ಕಾವಿಗೆ ಒದ್ದೆ ಕೋಟುಗಳು ಹಬೆಯಾಡುತ್ತವೆ,
ಮೀನಿನ ಕಾರ್ಖಾನೆಯ ವಾಸನೆ ಸಮೇತ.
ಎನಿಡ್ ರಿಮ್ಮರ್ ಬೋರ್ಡಿನ ಈ ತುದಿಯಿಂದ ಆ ತುದಿಗೆ
ಒಂದು ಗೆರೆ ಎಳೆಯುತ್ತಾಳೆ. ಎಪ್ಪತ್ತೆರಡರ ಕೈ;
ನಡುವೆ ತುಸು ಜಗ್ಗಿತು ಗೆರೆ,
ಬಟ್ಟೆ ಒಣಹಾಕುವ ಹಗ್ಗದ ಹಾಗೆ.

ಎಡಕ್ಕೆ ಸೊನ್ನೆ, ಬಲಕ್ಕೆ ನೂರು.
"ಈಗ ಪದಗಳನ್ನು ನೇತುಹಾಕೋಣ."

ಡೆಫನೆಟ್ಲಿ ಬಲತುದಿಗೆ, ಗಂಟು ಹಾಕಿದಷ್ಟು ಭದ್ರ.
ಪ್ರಾಬಬ್ಲಿ ಎಪ್ಪತ್ತರ ಸುಮಾರಿಗೆ.
ಮೇಬಿ ಗೆರೆ ಜಗ್ಗಿದಲ್ಲೇ.
ಮೈಟ್ ಅದಕ್ಕಿಂತ ಒಂದು ಗೇಣು ಎಡಕ್ಕೆ,
ಗಾಳಿ ಬಂದರೆ ಹಾರಿಹೋಗುವ ಕರವಸ್ತ್ರ.

ವೀಟೆನಿಸ್ ಕೈಯೆತ್ತಿದ. ಲಿಥುವೇನಿಯಾದವನು,
ದಿನಕ್ಕೆ ಸಾವಿರ ಕಾಡ್ ಮೀನಿನ ಮುಳ್ಳು ಬಿಡಿಸುತ್ತಾನೆ,
ಮಾತಿನ ಮುಳ್ಳೂ ಅವನಿಗೇ ಮೊದಲು ಸಿಗುತ್ತದೆ.
"ಮುಂದಿನ ತಿಂಗಳೂ ಕೆಲಸ ಇರುತ್ತೆ, ಐ ಆಮ್ ಶೂರ್,
ಅಂದ ಮೇಸ್ತ್ರಿ. ಎಷ್ಟು ಅದು? ತೊಂಬತ್ತೇ?"
ಎನಿಡ್ ಕನ್ನಡಕ ಒರೆಸಿಕೊಂಡಳು.
"ನಮ್ಮವರು ಶೂರ್ ಅಂದರೆ, ಮಗು,
ಬೇರೆ ಕೆಲಸ ಹುಡುಕಿಕೊಳ್ಳೋದು ಒಳ್ಳೇದು."

ಆಮೇಲೆ ಮಸ್ಟ್ ಬಂತು, ಎರಡು ಮುಖದ ಪದ.
ಕೈಗವಸು ಹಾಕಲೇಬೇಕು: ಅಪ್ಪಣೆ.
ಅವನು ಈಗ ಮನೆಯಲ್ಲಿರಬೇಕು: ಊಹೆ.
ಹಿಂದೆ ನಿಂತು ಚಹಾ ಬಸಿಯುತ್ತಿದ್ದ ನನಗೆ ನಗು;
ನಮ್ಮ 'ಬೇಕು' ಕೂಡ ಹೀಗೇ
ಹಗಲು ಜವಾನ, ರಾತ್ರಿ ಜೋಯಿಸ.

ಲೆತೆಬ್ರಹಾನ್ ನಗಲಿಲ್ಲ.
ಚೀಲದಿಂದ ನಾಲ್ಕು ಮಡಿಕೆಯ ಕಾಗದ ತೆಗೆದಳು,
ಮಡಿಸಿ ಬಿಚ್ಚಿ ಮಡಿಸಿ ಗೀರುಗಳಲ್ಲಿ ಸವೆದದ್ದು.
ತಮ್ಮ ಮೆರ್ಹಾವಿ ಹತ್ತಿದ ದೋಣಿ, ತಾರೀಖು,
ಕೆಳಗೆ ಯಾವುದೋ ಕಚೇರಿಯ ಮೊಹರು.
ಒಂದು ಪದದ ಮೇಲೆ ಬೆರಳಿಟ್ಟಳು: ಪ್ರಿಸ್ಯೂಮ್ಡ್.
"ಇದು ಎಲ್ಲಿಗೆ, ಮಿಸ್?"

ಎನಿಡ್ ಮಾರ್ಕರನ್ನು ತೊಂಬತ್ತೈದರ ತನಕ ಒಯ್ದಳು.
ಅಲ್ಲಿ ನಿಂತಳು.
ಹೀಟರ್ ಎರಡು ಸಲ ಟಿಕ್ಕೆಂದಿತು.
ಕೈ ಕೆಳಗಿಳಿಯಿತು.

"ನಾನು ಆರು ವರ್ಷದವಳು," ಅಂದಳು, ಬೋರ್ಡಿಗೇ,
"ಅಪ್ಪ ಐಸ್‌ಲ್ಯಾಂಡಿನ ಕಡೆ ಮೀನಿಗೆ ಹೋಗಿದ್ದ.
ಇವತ್ತು ಬರ್ತಾನಾ, ಅಂತ ದಿನಾ ಕೇಳುತ್ತಿದ್ದೆ.
ಅಮ್ಮ ಆಲೂಗಡ್ಡೆ ಸುಲಿಯುತ್ತ ಹೇಳುತ್ತಿದ್ದಳು: ಹ್ಯಾಪನ್."
ಪುಸ್ತಕದ ಇಂಗ್ಲಿಷಿನಲ್ಲಿ ಹ್ಯಾಪನ್ ಎಂದರೆ ಆಗುವುದು.
ಈ ಕರಾವಳಿಯ ಹಳಬರ ಬಾಯಲ್ಲಿ ಅದೇ
ಏನೋ, ಆದರೂ ಆದೀತು.
ದಡದಲ್ಲಿ ಕಾದು ಕಾದು ಕ್ರಿಯಾಪದ ಅವ್ಯಯವಾಯಿತು:
ಖರ್ಚಾಗದ್ದು.

ಅಪ್ಪ ಬಂದನೇ ಎಂದು ಯಾರೂ ಕೇಳಲಿಲ್ಲ.
ಎನಿಡ್ ಆ ಪದವನ್ನು ಗೆರೆಯ ಕೆಳಗೆ ಬರೆದಳು,
ಯಾವ ಅಂಕೆಗೂ ನೇರವಾಗದಂತೆ.
"ಪರೀಕ್ಷೆಗೆ ಇದು ಬರಲ್ಲ," ಅಂದಳು.
ಎಲ್ಲರೂ ಅದನ್ನೇ ಬರೆದುಕೊಂಡರು.

ಬಿಸ್ಕತ್ತಿನ ತಟ್ಟೆ ಹಿಡಿದು ನಿಂತ ನನ್ನೊಳಗೆ
ನನ್ನದೇ ನುಡಿಯ ಎರಡು ಪದ ಮಗ್ಗುಲು ಬದಲಿಸಿದವು.
ಇದ್ದಾನೆ. ಇದ್ದಾನು.
ಎತ್ವ ತೆಗೆದು ಕೊಂಬು ಕೊಟ್ಟರೆ ಆಯಿತು,
ಎದುರು ಕೂತವನು ದಿಗಂತಕ್ಕೆ ಸರಿಯುತ್ತಾನೆ.
ಸರಿದರೂ ಮುಳುಗುವುದಿಲ್ಲ.
ಅವಳಿಗೆ ಇದನ್ನು ಹೇಗೆ ಹೇಳಲಿ?
ಯಾವ ಭಾಷೆಯಲ್ಲಿ?
ಸಕ್ಕರೆ ಎಷ್ಟು ಎಂದೆ.
ಮೂರು, ಅಂದಳು, ಸಂದೇಹವೇ ಇಲ್ಲದೆ.

ಎಂಟಕ್ಕೆ ಕೋಟುಗಳು ಇನ್ನೂ ಅರೆಒದ್ದೆ.
ಬಾಗಿಲಲ್ಲಿ ವೀಟೆನಿಸ್ ಕೇಳಿದ, "ಮುಂದಿನ ವಾರ ಕ್ಲಾಸು?"
"ಡೆಫನೆಟ್ಲಿ," ಅಂದಳು ಎನಿಡ್.
ಸಮುದ್ರದ ಗಾಳಿಗೆ ಬಾಗಿಲು ಕೈಯಿಂದ ಕಿತ್ತುಕೊಂಡಿತು.
"ಹೀಟರ್ ಸರಿಯಿದ್ದರೆ."